ಹಿತ್ತಲಲ್ಲಿ ಯಾವ ತರಕಾರಿ ಯಾವಾಗ ಹಾಕಬೇಕು? ಪ್ಯಾಕೆಟ್ ಹಿಂದೆ ನೋಡಿದರೆ ಎಲ್ಲಾ ‘ವರ್ಷವಿಡೀ’!

ಹೊಸಹಿತ್ತಲು (ಮೈಸೂರು) – ಮೇ 20

ಎಲ್ಲರಿಗೂ ನಮಸ್ಕಾರ. ಈಚೆಗೆ ಮನೆ ಬದಲಾಯಿಸಿದ್ದೇವೆ. ಈ ಮನೆಯ ಹಿಂದೆ ಸ್ವಲ್ಪ ಮಣ್ಣು ನೆಲ ಇದೆ, ಬೆಳಗ್ಗೆಯಿಂದ ಮೂರು ಗಂಟೆವರೆಗೂ ಬಿಸಿಲು ಬೀಳುತ್ತದೆ. ಖುಷಿಗೆ ಬೀಜ ತಂದೆ: ಟೊಮೆಟೊ, ಬೆಂಡೆ, ಕ್ಯಾರೆಟ್, ಹೂಕೋಸು, ಅವರೆ, ಕೊತ್ತಂಬರಿ. ಪ್ಯಾಕೆಟ್ ಹಿಂದೆ ನೋಡಿದರೆ ಎಲ್ಲದಕ್ಕೂ ‘ವರ್ಷವಿಡೀ ಬಿತ್ತಬಹುದು’ ಅಂತ ಬರೆದಿದೆ. ಯೂಟ್ಯೂಬಿನಲ್ಲಿ ಹಿಂದಿಯವರು ಫೆಬ್ರವರಿ ಅಂತಾರೆ. ಅಮೆರಿಕದವರು ಹಿಮ ಬೀಳುವುದು ನಿಂತ ಮೇಲೆ ಅಂತಾರೆ. ನಮ್ಮ ಚಾಮುಂಡಿಪುರದಲ್ಲಿ ಹಿಮ ಎಲ್ಲಿಂದ ತರಲಿ? ಅತ್ತೆಯವರು ‘ಆರಿದ್ರೆ ಮಳೆ ಬರಲಿ, ಆಮೇಲೆ ನೋಡೋಣ’ ಅಂತಾರೆ. ಯಾರ ಮಾತು ಕೇಳುವುದು? ತಿಂಗಳ ಪ್ರಕಾರ ಒಂದು ಪಟ್ಟಿ ಇದ್ದರೆ ದಯವಿಟ್ಟು ಕೊಡಿ.

ರಾಗಿಹೊಲ (ತುಮಕೂರು) – ಮೇ 20

ಬೆಂಡೆ ಈ ವಾರವೇ ಹಾಕಿ. ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಗ್ಗೆ ಬಿತ್ತಿ. ಟೊಮೆಟೊ ಒಟ್ಲು ಬಿಡಿ, ಅಂದರೆ ಸಣ್ಣ ಮಡಿಯಲ್ಲಿ ಬಿತ್ತಿ ಸಸಿ ಮಾಡಿಕೊಳ್ಳಿ. ಅವರೆಗೆ ಇನ್ನೂ ಟೈಮ್ ಇದೆ. ಕ್ಯಾರೆಟ್, ಹೂಕೋಸು ಡಬ್ಬಿಯಲ್ಲಿ ಹಾಕಿ ಗಟ್ಟಿ ಮುಚ್ಚಿಡಿ, ದಸರಾ ಹೊತ್ತಿಗೆ ತೆಗೆಯಿರಿ. ಕೊತ್ತಂಬರಿಗೆ ಮಧ್ಯಾಹ್ನ ನೆರಳು ಬೇಕು.

ಬೀಜದಡಬ್ಬಿ (ಬೆಂಗಳೂರು) – ಮೇ 21

ರಾಗಿಹೊಲ ಸರ್ ಹೇಳಿದ್ದು ಸರಿ. ಆದರೆ ಪಟ್ಟಿ ಕೊಟ್ಟರೆ ಈ ವರ್ಷಕ್ಕೆ ಆಯಿತು, ಊರು ಬದಲಾದರೆ ಮತ್ತೆ ಕೇಳಬೇಕು. ಪಟ್ಟಿ ಹೇಗೆ ಹುಟ್ಟುತ್ತದೆ ಅಂತ ಗೊತ್ತಾದರೆ ನೀವೇ ಬರೆದುಕೊಳ್ಳಬಹುದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲರೂ ಬಿತ್ತುವ ದಿನ ಹುಡುಕುತ್ತಾರೆ. ನಾನು ಹೂ ಬಿಡುವ ದಿನ ಹುಡುಕುತ್ತೇನೆ. ನಮ್ಮ ಕಡೆ ಬೀಜ ಮೊಳೆಯುವುದು ಕಷ್ಟವೇ ಅಲ್ಲ. ಹಿಮ ಬೀಳುವ ದೇಶದಲ್ಲಿ ಮಣ್ಣು ಬೆಚ್ಚಗಾಗುವವರೆಗೆ ಕಾಯಬೇಕು, ಹಾಗಾಗಿ ಅವರ ಲೆಕ್ಕ ಎಲ್ಲಾ ಬಿತ್ತನೆಯಿಂದ ಮುಂದಕ್ಕೆ ಓಡುತ್ತದೆ. ನಮ್ಮಲ್ಲಿ ಯಾವ ತಿಂಗಳು ಹಾಕಿದರೂ ಟೊಮೆಟೊ ಮೊಳೆಯುತ್ತದೆ. ‘ವರ್ಷವಿಡೀ’ ಅಂತ ಬರೆಯುವವರು ಪೂರ್ತಿ ಸುಳ್ಳು ಹೇಳಿಲ್ಲ. ತೊಂದರೆ ಬರುವುದು ಹೂ ಬಿಟ್ಟಾಗ.

ಟೊಮೆಟೊ ತೆಗೆದುಕೊಳ್ಳಿ. ಒಟ್ಲಲ್ಲಿ 25ರಿಂದ 30 ದಿನ. ನೆಟ್ಟ ಮೇಲೆ ಸುಮಾರು ಒಂದು ತಿಂಗಳಿಗೆ ಹೂ. ಅಂದರೆ ಬಿತ್ತಿ ಎರಡು ತಿಂಗಳಿಗೆ ಹೂ ಬರುತ್ತದೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 22–24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಈಗ ಹಿಂದಕ್ಕೆ ಎಣಿಸಿ. ಯುಗಾದಿ ಆಸುಪಾಸಿನಲ್ಲಿ ಬಿತ್ತಿದರೆ ಹೂ ಬರುವುದು ಮೇ ತಿಂಗಳಲ್ಲಿ. ಗಿಡ ದಷ್ಟಪುಷ್ಟವಾಗಿ ಇರುತ್ತದೆ, ಕಾಯಿ ಮಾತ್ರ ಕಡಿಮೆ. ಜೊತೆಗೆ ಬೇಸಿಗೆಯಲ್ಲಿ ಬಿಳಿ ನೊಣ ಜಾಸ್ತಿ. ಅದು ಎಲೆ ಮುಟುರು ರೋಗ ಹರಡುತ್ತದೆ, ಎಳೆ ಸಸಿಗೆ ತಗುಲಿದರೆ ಗಿಡ ಮೇಲೇಳುವುದೇ ಇಲ್ಲ. ಅದೇ ಡಿಸೆಂಬರ್ ಮೊದಲಲ್ಲಿ ಬಿತ್ತಿದರೆ ಫೆಬ್ರವರಿಯಲ್ಲಿ ಹೂ ಬಂದು, ಬಿಸಿಲು ಏರುವ ಮೊದಲೇ ಕಾಯಿ ಕಚ್ಚಿರುತ್ತದೆ.

ನೀವು ಈಗ ಒಟ್ಲು ಬಿಟ್ಟರೆ? ಜೂನ್ ಮೂರನೇ ವಾರ ನಾಟಿ, ಜುಲೈ ಕೊನೆಗೆ ಹೂ, ಆಗಸ್ಟ್–ಸೆಪ್ಟೆಂಬರ್ ಹಣ್ಣು. ಮೈಸೂರಿಗೆ ಜೂನ್–ಜುಲೈನಲ್ಲಿ ಬರುವುದು ಹೆಚ್ಚಾಗಿ ತುಂತುರು ಮಳೆ. ಜೋರು ಮಳೆ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ದಸರಾ ಮಳೆ ಎಲೆ ಮೇಲೆ ಕೂತು ಅಂಗಮಾರಿ ರೋಗ ತರುವ ಹೊತ್ತಿಗೆ ನಿಮ್ಮ ಟೊಮೆಟೊ ಕೆಲಸ ಮುಗಿದಿರುತ್ತದೆ. ನನ್ನ ಪ್ರಕಾರ ನಿಮ್ಮ ಊರಿಗೆ ಇದು ಒಳ್ಳೆಯ ಹೊತ್ತು.

ಹೂಕೋಸಿಗೂ ಇದೇ ಲೆಕ್ಕ, ಆದರೆ ತಳಿ ನೋಡಬೇಕು. ಬೇಗ ಬರುವ ತಳಿಗಳು 20–25 ಡಿಗ್ರಿಯಲ್ಲಿ ಗಡ್ಡೆ ಕಟ್ಟುತ್ತವೆ. ಸ್ನೋಬಾಲ್ ಜಾತಿಗೆ 10–16 ಡಿಗ್ರಿ ಬೇಕು, ಅದು ನಮ್ಮ ಬಯಲಿನಲ್ಲಿ ಸಿಗುವುದು ಅಪರೂಪ. ಸ್ನೋಬಾಲ್ ಬೀಜ ತಂದು ಬೇಸಿಗೆಯಲ್ಲಿ ಹಾಕಿದರೆ ದನಕ್ಕೆ ಸೊಪ್ಪು ಸಿಗುತ್ತದೆ ಅಷ್ಟೇ. ಬೇಗ ಬರುವ ತಳಿಯನ್ನು ಗಡಗಡ ಚಳಿಗೆ ಸಿಗುವ ಹಾಗೆ ತಡವಾಗಿ ಹಾಕಿದರೆ ಗುಂಡಿಯಷ್ಟೇ ಹೂ ಬಿಟ್ಟು ನಿಲ್ಲುತ್ತದೆ. ಪ್ಯಾಕೆಟ್ ಮೇಲೆ ತಳಿ ಹೆಸರಿಲ್ಲದೆ ಬರೀ ‘ಹೂಕೋಸು’ ಅಂತಿದ್ದರೆ ನಾನಂತೂ ದುಡ್ಡು ಕೊಡುವುದಿಲ್ಲ.

ಹೊಸಹಿತ್ತಲು – ಮೇ 21

ಬೀಜದಡಬ್ಬಿ ಅಕ್ಕ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಟೊಮೆಟೊ ಇವತ್ತೇ ಒಟ್ಲು ಬಿಡುತ್ತೇನೆ. ಹಾಗಾದರೆ ಅತ್ತೆಯವರ ಆರಿದ್ರೆ ಮಳೆ ಕಥೆ ಏನು? ಪ್ರತಿ ವರ್ಷ ಪಂಚಾಂಗ ನೋಡಬೇಕಾ?

ಕೆರೆಏರಿ (ಮಂಡ್ಯ) – ಮೇ 22

ನೋಡಬೇಕಾಗಿಲ್ಲ ಮೇಡಂ. ಮಳೆ ನಕ್ಷತ್ರ ಚಂದ್ರನದ್ದಲ್ಲ, ಸೂರ್ಯನದ್ದು. ಸೂರ್ಯ 27 ನಕ್ಷತ್ರ ಸುತ್ತಲು ಒಂದು ವರ್ಷ, ಒಂದೊಂದಕ್ಕೆ 13–14 ದಿನ. ಹಾಗಾಗಿ ಹಬ್ಬದ ಥರ ಹಿಂದೆ ಮುಂದೆ ಓಡಾಡುವುದಿಲ್ಲ, ಇಂಗ್ಲಿಷ್ ತಾರೀಖಿಗೆ ಒಂದು ದಿನ ಆಚೀಚೆ ಆಗುತ್ತದೆ ಅಷ್ಟೇ. ಭರಣಿ ಏಪ್ರಿಲ್ 27ರ ಸುಮಾರಿಗೆ. ರೋಹಿಣಿ ಮೇ 25. ಮೃಗಶಿರಾ ಜೂನ್ 8. ಆರಿದ್ರೆ ಜೂನ್ 21–22. ಹುಬ್ಬೆ ಆಗಸ್ಟ್ 30. ಸ್ವಾತಿ ಅಕ್ಟೋಬರ್ 24.

ಇವು ಹೊಲದವರ ಲೆಕ್ಕ, ನೆನಪಿರಲಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂದವರಿಗೆ ಬೋರ್‌ವೆಲ್ ಇರಲಿಲ್ಲ, ಆಕಾಶವೇ ಗತಿ. ಮನೆ ಹಿಂದೆ ನಲ್ಲಿ ಇರುವವರು ಭರಣಿಗೆ ಕಾಯಬೇಕಾಗಿಲ್ಲ. ಆದರೆ ನಿಮ್ಮ ಅತ್ತೆ ಹೇಳಿದ್ದು ಸುಮ್ನೆ ಅಲ್ಲ. ಆರಿದ್ರೆ ಹೊತ್ತಿಗೆ ಬಿಸಿಲ ಧಗೆ ಇಳಿದು ಮೋಡ ಕವಿದಿರುತ್ತದೆ, ಕಿತ್ತು ನೆಟ್ಟ ಸಸಿ ಬಾಡುವುದಿಲ್ಲ. ಬೀಜದಡಬ್ಬಿ ಮೇಡಂ ಹೇಳಿದ ‘ಜೂನ್ ಮೂರನೇ ವಾರ ನಾಟಿ’ ಅಂದರೆ ಯಾವುದು ಹೇಳಿ? ಆರಿದ್ರೆಯೇ!

ಹೊಸಹಿತ್ತಲು – ಮೇ 22

ಅಯ್ಯೋ, ಇದನ್ನು ಅತ್ತೆಗೆ ತೋರಿಸಬಾರದು 😄

ಬಸಳೆಚಪ್ಪರ (ಉಡುಪಿ ಕಡೆ) – ಮೇ 23

ಮೈಸೂರು ಬೆಂಗಳೂರಿನವರ ಪಟ್ಟಿ ನೋಡಿ ಕರಾವಳಿಯವರು ಯಾರೂ ಜೂನ್‌ನಲ್ಲಿ ಟೊಮೆಟೊ ನೆಡಬೇಡಿ ಮಾರಾಯ್ರೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೇಲೆ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹುಳಿ ಮಣ್ಣು ಬೇರೆ. ದುಂಡಾಣು ಸೊರಗು ರೋಗ ಬಂದರೆ ಬೆಳಗ್ಗೆ ಚೆಂದ ಇದ್ದ ಗಿಡ ಸಂಜೆ ಹೊತ್ತಿಗೆ ಜೋತು ಬಿದ್ದಿರುತ್ತದೆ. ಎಲೆ ಹಸಿರಾಗಿಯೇ ಇರುತ್ತದೆ, ನೀರು ಕಡಿಮೆ ಆಯ್ತು ಅಂತ ಇನ್ನಷ್ಟು ಹಾಕುತ್ತೇವೆ.

ನಮ್ಮ ಗಡಿಯಾರ ಪತ್ತನಾಜೆ. ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24–25ಕ್ಕೆ ಬರುತ್ತದೆ. ಕೋಲ, ಯಕ್ಷಗಾನ ಮೇಳ ಎಲ್ಲಾ ಅವತ್ತಿಗೆ ಮುಗಿದು ಜನ ಗದ್ದೆ ಕಡೆ ಮುಖ ಮಾಡುತ್ತಾರೆ. ಮಳೆಗಾಲದ ತರಕಾರಿ ಬೀಜ ಅದರ ಆಸುಪಾಸಿನಲ್ಲಿ ಬೀಳಬೇಕು: ಬೆಂಡೆ, ಹೀರೆ, ಅಲಸಂದೆ, ಮುಳ್ಳುಸೌತೆ. ಕರಾವಳಿಗೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಜೂನ್ 5ರ ಸುಮಾರಿಗೆ. ಅಷ್ಟರೊಳಗೆ ಗಿಡ ಗೇಣುದ್ದ ಆಗಿದ್ದರೆ ಜಡಿಮಳೆ ತಡೆಯುತ್ತದೆ. ಜೂನ್ ಹತ್ತಕ್ಕೆ ಹಾಕಿದರೆ ಬೀಜ ಕೊಳೆಯುತ್ತದೆ, ಇಲ್ಲವೇ ಬಸವನಹುಳು ಮೊಳಕೆಯಲ್ಲೇ ಮುಗಿಸುತ್ತದೆ. ಪಾತಿ ಮಾಡಬೇಡಿ, ಮಣ್ಣು ಏರಿಸಿ ದಿಬ್ಬ ಮಾಡಿ, ನೀರು ನಿಲ್ಲಬಾರದು. ಬಸವನಹುಳಕ್ಕೆ ಬೂದಿ ಹಾಕಿ ಅಂತಾರೆ. ನಮ್ಮ ಮಳೆಗೆ ಬೂದಿ ಎಷ್ಟು ಹೊತ್ತು ನಿಲ್ಲುತ್ತದೆ? ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು.

ಇನ್ನು ಬೀಜದಡಬ್ಬಿಯವರ ‘ಹಿಂದಕ್ಕೆ ಎಣಿಸಿ’ ಮಾತು. ನಮ್ಮ ಅಮ್ಮ ಅದನ್ನೇ ಮಾಡುತ್ತಿದ್ದರು, ಆದರೆ ಹೂವಿನಿಂದ ಅಲ್ಲ, ಚೌತಿಯಿಂದ. ಅಷ್ಟಮಿ, ಚೌತಿಗೆ ಮನೆಯದೇ ಬೆಂಡೆ, ಹೀರೆ ಆಗಬೇಕು ಅಂತ ಅವರ ಹಟ. ಪತ್ತನಾಜೆಗೆ ಬೀಜ ಹಾಕಿದರೆ ಸರಿಯಾಗಿ ಅಲ್ಲಿಗೆ ಬರುತ್ತದೆ.

ಮಳೆ ಬಿಟ್ಟ ಮೇಲೆ ನಮ್ಮದು ಇನ್ನೊಂದು ಸರದಿ. ಎಣೆಲು (ಮಳೆಗಾಲದ) ಭತ್ತ ಕೊಯ್ದ ಗದ್ದೆಯಲ್ಲಿ ಸಾಂಬಾರ್ ಸೌತೆ, ಹರಿವೆ, ಅಲಸಂದೆ. ಸೌತೆಕಾಯಿ ಕೊಯ್ದು ಬಾಳೆ ನಾರಿನಲ್ಲಿ ಕಟ್ಟಿ ಮಾಡಿಗೆ (ಛಾವಣಿಗೆ) ನೇತು ಹಾಕಿದರೆ ಮುಂದಿನ ಮಳೆಗಾಲದವರೆಗೂ ಸಾಂಬಾರಿಗೆ ಇದೆ. ಮಟ್ಟು ಗುಳ್ಳ ಬದನೆಯೂ ಮಳೆ ಕಳೆದ ಮೇಲಿನ ಬೆಳೆಯೇ. ಟೊಮೆಟೊ ತಿನ್ನಲೇಬೇಕು ಅನ್ನುವವರು ಆಗ ನೆಡಿ.

ಮಗೆಬಳ್ಳಿ (ಶಿರಸಿ) – ಮೇ 23

ಅಕ್ಕ ಹೇಳಿದ ಸಾಂಬಾರ್ ಸೌತೆಗೆ ನಮ್ಮಲ್ಲಿ ಮಗೆಕಾಯಿ. ಘಟ್ಟದ ಮೇಲೆ ಹೆಚ್ಚುಕಡಿಮೆ ಇದೇ ಕಥೆ. ಒಂದು ಸೇರಿಸುತ್ತೇನೆ. ಮಳೆಗಾಲದಲ್ಲಿ ಸೌತೆ ಜಾತಿಯ ಬಳ್ಳಿಗೆ ಬೂಜು ತುಪ್ಪಟ ರೋಗ ಬರುತ್ತದೆ, ಎಲೆ ಮೇಲೆ ಹಳದಿ ಚೌಕ ಮಚ್ಚೆ. ಬಳ್ಳಿಯನ್ನು ನೆಲದಲ್ಲಿ ಬಿಡದೆ ಚಪ್ಪರಕ್ಕೆ ಏರಿಸಿದರೆ ಗಾಳಿಯಾಡಿ ಸ್ವಲ್ಪ ಬಚಾವ್.

ಎರಿಹೊಲ (ಕಲಬುರಗಿ) – ಮೇ 24

ಚಲೋ ಚರ್ಚೆ ನಡೆದದ ರೀ. ನಮ್ಮ ಕಡೆಯದೂ ಒಂದಿಷ್ಟು ಹೇಳುತ್ತೇನೆ. ಇಲ್ಲಿ ಈಗ 41–42 ಡಿಗ್ರಿ. ಮೈಸೂರಿನವರು ಮೇ ತಿಂಗಳಲ್ಲಿ ಬೀಜದ ಮಾತಾಡುತ್ತಿದ್ದರೆ ನಮಗೆ ನಗು ಬರುತ್ತದೆ. ಮುಂಗಾರಿಗೆ ನಾವು ಹಿತ್ತಲಲ್ಲಿ ಪುಂಡಿ ಸೊಪ್ಪು, ಬೆಂಡಿ, ಹೀರಿ ಹಾಕುತ್ತೇವೆ. ಎರಿ (ಕಪ್ಪು) ಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ, ಮಳೆ ಜೋರಾದರೆ ಬೇರು ಉಸಿರುಗಟ್ಟುತ್ತದೆ. ನಮ್ಮ ನಿಜವಾದ ತರಕಾರಿ ಕಾಲ ಹಿಂಗಾರು. ಮೆಂತೆ, ಸಬ್ಬಸಿಗೆ, ಹಕ್ಕರಕಿ, ಉಳ್ಳಾಗಡ್ಡಿ, ಗಜ್ಜರಿ (ಕ್ಯಾರೆಟ್), ಟೊಮೆಟೊ ಎಲ್ಲವೂ ಸೆಪ್ಟೆಂಬರ್ ನಂತರ.

ಉಡುಪಿಯವರು ಚೌತಿ ಅಂದರು. ನಮಗೆ ಎಳ್ಳಮಾವಾಸ್ಯೆ. ಡಿಸೆಂಬರ್ ಕೊನೆ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಅವತ್ತು ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವುದು. ಭಜ್ಜಿಗೆ ಆ ಹೊತ್ತಿನ ಸೊಪ್ಪು, ಹಸಿ ಕಾಳು, ಕಾಯಿಪಲ್ಲೆ ಎಷ್ಟು ಥರ ಸಿಕ್ಕರೂ ಬೇಕು. ನಮ್ಮ ಹವಾಮಾನಕ್ಕೆ ತರಕಾರಿ ತುಂಬಿ ತುಳುಕುವ ಹೊತ್ತು ಅದೇ. ಆ ದಿನದಿಂದ ಹಿಂದಕ್ಕೆ ಎಣಿಸಿ: ಗಜ್ಜರಿಗೆ ಮೂರು ತಿಂಗಳು, ಸೊಪ್ಪಿಗೆ ಐದಾರು ವಾರ. ಬಿತ್ತನೆ ತಾರೀಖು ತಾನಾಗಿ ಸಿಗುತ್ತದೆ.

ಬೀಜದಡಬ್ಬಿ – ಮೇ 24

ಎರಿಹೊಲ ಸರ್, ಬಸಳೆಚಪ್ಪರ ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ನಮ್ಮ ಸಂಕ್ರಾಂತಿಯೂ ಹಾಗೇ ಅಲ್ವಾ? ಅವರೆ, ಗೆಣಸು, ಕಬ್ಬು. ಹಬ್ಬದ ಅಡುಗೆ ನೋಡಿದರೆ ಆ ಊರಿಗೆ ಆ ತಿಂಗಳು ಏನು ಚೆನ್ನಾಗಿ ಬರುತ್ತದೆ ಅಂತ ಗೊತ್ತಾಗುತ್ತದೆ. ಹೊಸ ಊರಿಗೆ ಹೋದವರು ಬೀಜದ ಅಂಗಡಿಗಿಂತ ಮೊದಲು ಪಕ್ಕದ ಮನೆ ಅಜ್ಜಿಯನ್ನು ‘ಯಾವ ಹಬ್ಬಕ್ಕೆ ಏನು ಪಲ್ಯ’ ಅಂತ ಕೇಳಬೇಕು. ಕ್ಯಾರೆಟ್, ಹೂಕೋಸಿನಂಥ ಆಮೇಲೆ ಬಂದ ತರಕಾರಿಗೆ ಮಾತ್ರ ಉಷ್ಣಾಂಶದ ಲೆಕ್ಕ ಹಾಕಿಕೊಳ್ಳಬೇಕು.

ಅವರೆಪ್ರಿಯ (ನ್ಯೂಜೆರ್ಸಿ) – ಮೇ 26

ಅವರೆ ಅಂದಿರಲ್ಲ, ನನ್ನ ಗೋಳು ಕೇಳಿ. ಇಲ್ಲಿ ಮೇ ಎರಡನೇ ವಾರದವರೆಗೆ ಮಂಜು ಹೆಪ್ಪುಗಟ್ಟಿ ಸಸಿ ಸಾಯುವ ಭಯ. ಆಮೇಲೆ ಅವರೆ ಹಾಕಿದರೆ ಬಳ್ಳಿ ಬೇಲಿ ತುಂಬಾ ಹಬ್ಬುತ್ತದೆ. ಜೂನ್, ಜುಲೈ, ಆಗಸ್ಟ್ ಬರೀ ಎಲೆ. ಸೆಪ್ಟೆಂಬರ್ ಕೊನೆಗೆ ಹೂವಿನ ತೆನೆ ಬರುತ್ತದೆ, ಅಕ್ಟೋಬರಿನಲ್ಲಿ ಹಿಮ ಬಿದ್ದು ಎಲ್ಲಾ ಕರಗಿ ಹೋಗುತ್ತದೆ. ಗೊಬ್ಬರ ಜಾಸ್ತಿ ಆಯ್ತು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಗೊಬ್ಬರ ನಿಲ್ಲಿಸಿದರೂ ಅಷ್ಟೇ.

ಬೀಜದಡಬ್ಬಿ – ಮೇ 27

ಗೊಬ್ಬರದ್ದಲ್ಲ, ಹಗಲಿನದ್ದು. ನಮ್ಮ ಹಳೆಯ ಅವರೆ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 20ರ ಸುಮಾರು. ಒಂದೂವರೆ ಗಂಟೆ ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ. ಅದಕ್ಕೇ ಜುಲೈ–ಆಗಸ್ಟಿನಲ್ಲಿ ರಾಗಿ ಜೊತೆ ಬಿತ್ತಿದರೆ ಚಳಿಗೆ ಹೂ ಬಂದು, ಡಿಸೆಂಬರ್–ಜನವರಿಗೆ ಕಾಯಿ. ಇಲ್ಲೇ ಫೆಬ್ರವರಿಯಲ್ಲಿ ಬಿತ್ತಿದರೂ ಹಗಲು ಉದ್ದವಾಗುತ್ತಾ ಹೋಗುವುದರಿಂದ ಬಳ್ಳಿ ಹಬ್ಬಿಕೊಂಡೇ ಇರುತ್ತದೆ.

ನ್ಯೂಜೆರ್ಸಿಯಲ್ಲಿ ಜೂನ್ ಹಗಲು 15 ಗಂಟೆ. 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ನಿಮ್ಮ ಹಿಮ ಬಾಗಿಲಲ್ಲಿ ನಿಂತಿರುತ್ತದೆ. ಬಿತ್ತುವ ದಿನ ಎಷ್ಟು ಹಿಂದೆ ಮುಂದೆ ಮಾಡಿದರೂ ಪ್ರಯೋಜನ ಇಲ್ಲ, ತಳಿಯನ್ನೇ ಬದಲಾಯಿಸಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್, ಇವಕ್ಕೆಲ್ಲ ಹಗಲಿನ ಲೆಕ್ಕ ಇಲ್ಲ. ಗಿಡ್ಡ ಗಿಡ, ಎರಡೂವರೆ ಮೂರು ತಿಂಗಳಲ್ಲಿ ಕಾಯಿ. ನಿಮ್ಮ ಬೇಸಿಗೆಯೊಳಗೆ ಮುಗಿಯುತ್ತದೆ.

ಹಳೇ ತಳಿಯೇ ಬೇಕು ಅಂದರೆ ಕುಂಡದಲ್ಲಿ ಬೆಳೆಸಿ. ಆಗಸ್ಟ್ ಮೊದಲಿಂದ ದಿನಾ ಸಂಜೆ ಆರಕ್ಕೆ ಬೆಳಕು ಒಂಚೂರೂ ನುಸುಳದ ಹಾಗೆ ಮುಚ್ಚಿ, ಬೆಳಗ್ಗೆ ಎಂಟಕ್ಕೆ ತೆಗೆಯಿರಿ. ಹೂ ಬಂದು ಕಾಯಿ ಕಚ್ಚುವವರೆಗೆ ಮಾಡಿ. ಪುಟ್ಟ ಕುಂಡಕ್ಕೆ ಸರಿ, ಬೇಲಿಗೆಲ್ಲ ಆಗದು.

ಅವರೆಪ್ರಿಯ – ಮೇ 27

ಬೇಲಿಗೆ ಕಂಬಳಿ ಹೊದೆಸಿದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರೆ 😂 ಊರಿಂದ ಬರುವಾಗ ಹೆಬ್ಬಾಳ ಅವರೆ ಬೀಜ ತರಬಹುದಾ?

ಮಗೆಬಳ್ಳಿ – ಮೇ 27

ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ಬಿತ್ತುವ ಬೀಜಕ್ಕೆ ಅಮೆರಿಕದವರ ಅನುಮತಿ, ರೋಗಮುಕ್ತ ಪ್ರಮಾಣಪತ್ರ ಎಲ್ಲಾ ಕೇಳುತ್ತಾರೆ. ಅಲ್ಲೇ ಬೀಜ ಮಾರುವವರ ಹತ್ತಿರ ಬೇಗ ಹೂ ಬಿಡುವ ತಳಿ ಕೇಳಿ ನೋಡಿ.

ಎರಿಹೊಲ – ಮೇ 28

ಓಹೋ! ನಮ್ಮ ಪುಂಡಿಯೂ ಇದೇ ಜಾತಿ ಇರಬೇಕು. ಮಳೆಗಾಲವಿಡೀ ಎಲೆ ಕೊಟ್ಟು, ದೀಪಾವಳಿ ಹೊತ್ತಿಗೆ ಹೂ ಬಿಟ್ಟು ಗಟ್ಟಿ ಆಗುತ್ತದೆ.

ಬೀಜದಡಬ್ಬಿ – ಮೇ 28

ಹೌದು ಸರ್, ಅದೂ ಚಿಕ್ಕ ಹಗಲಿನ ಗಿಡವೇ. ಸೊಪ್ಪಿಗೆ ಅಂತ ಬೆಳೆದರೆ ಹೂ ತಡವಾದಷ್ಟೂ ಲಾಭ. ಅದಕ್ಕೇ ಜೂನ್ ಬಿತ್ತನೆ.

ಹುಣ್ಣಿಮೆತೋಟ (ಹಾಸನ) – ಮೇ 30

ಯಾರೂ ಚಂದ್ರನ ವಿಷಯ ಎತ್ತಲೇ ಇಲ್ಲ. ಹುಣ್ಣಿಮೆಗೆ ಎರಡು ದಿನ ಮೊದಲು ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಗಡ್ಡೆ ತರಕಾರಿಗೆ ಅಮಾವಾಸ್ಯೆ ಪಕ್ಷ. ನಾವು ಹಾಗೇ ಮಾಡುವುದು.

ರಾಗಿಹೊಲ – ಮೇ 30

ಚಂದ್ರ ಒಂದೇ, ಬೀಜದ ಅಂಗಡಿ ನೂರು. ಮೊಳಕೆ ಬರದಿದ್ದರೆ ನಾನು ಮೊದಲು ಬೀಜದ ವಯಸ್ಸು ನೋಡುತ್ತೇನೆ.

ಕೆರೆಏರಿ – ಮೇ 30

ಜಗಳ ಬೇಡ ಮಾರ್ರೆ. ಹುಣ್ಣಿಮೆ ನೋಡಿ ಬಿತ್ತುವವರಿಗೆ ಒಂದು ಅನುಕೂಲ ಇದೆ, ತಿಂಗಳಿಗೊಮ್ಮೆ ತಪ್ಪದೆ ಬಿತ್ತುತ್ತಾರೆ. ಕೊತ್ತಂಬರಿ, ಮೂಲಂಗಿ, ಬೀನ್ಸ್ ಇಂಥವನ್ನು ಒಂದೇ ಸಲ ಎಲ್ಲಾ ಹಾಕಿ ಆಮೇಲೆ ಒಂದೇ ವಾರ ತಿಂದು ಸಾಕಾಗುವವರಿಗಿಂತ ಅವರೇ ವಾಸಿ. ಚಂದ್ರ ನಂಬಿ, ಬಿಡಿ. ಏಪ್ರಿಲ್ ಹುಣ್ಣಿಮೆಗೆ ಬಟಾಣಿ ಹಾಕಿದರೆ ಮಾತ್ರ ಯಾವ ಚಂದ್ರನೂ ಕಾಪಾಡುವುದಿಲ್ಲ.

ಕುಂಡದಕಥೆ (ಬೆಂಗಳೂರು) – ಜೂನ್ 3

ತಾರಸಿ ಮೇಲಿನ ಕುಂಡಕ್ಕೂ ಇದೇ ತಾರೀಖುಗಳಾ?

ಬೀಜದಡಬ್ಬಿ – ಜೂನ್ 3

ಸ್ವಲ್ಪ ಬದಲಾಗುತ್ತದೆ. ಕಾಂಕ್ರೀಟ್ ಹಗಲಿನ ಶಾಖ ಹಿಡಿದು ರಾತ್ರಿ ಬಿಡುತ್ತದೆ. ಕುಂಡದ ಮಣ್ಣೂ ಬೇಗ ಕಾಯುತ್ತದೆ. ಹಾಗಾಗಿ ತಾರಸಿಗೆ ಬೇಸಿಗೆ ಎರಡು ಮೂರು ವಾರ ಮೊದಲೇ ಬಂತು ಅಂತ ಲೆಕ್ಕ ಹಾಕಿ. ಹುರುಳಿಕಾಯಿ, ಕ್ಯಾಪ್ಸಿಕಮ್ ಹೂ ಫೆಬ್ರವರಿ ಕೊನೆಗೇ ಉದುರಲು ಶುರು. 50 ಶೇಕಡಾ ನೆರಳು ಪರದೆ ಕಟ್ಟಿದರೆ ಮಾರ್ಚ್ ದಾಟಿಸಬಹುದು. ಮಳೆಗೆ ಮಾತ್ರ ನೀವೇ ಅದೃಷ್ಟವಂತರು, ಕುಂಡ ಎತ್ತಿ ಸಜ್ಜೆ ಕೆಳಗೆ ಇಟ್ಟರೆ ಆಯಿತು. ಬೆಂಗಳೂರಿನ ಜೋರು ಮಳೆ ತಿಂಗಳು ಸೆಪ್ಟೆಂಬರ್, ಆಗ ಇದು ಉಪಯೋಗಕ್ಕೆ ಬರುತ್ತದೆ.

ಹೊಸಹಿತ್ತಲು – ಆಗಸ್ಟ್ 11

ಟೊಮೆಟೊ ಹೂ ತುಂಬಾ ಇದೆ, ಕೆಳಗಿನ ಗೊಂಚಲಲ್ಲಿ ಕಾಯಿ ಕಚ್ಚಿದೆ. ಬೆಂಡೆ ದಿನ ಬಿಟ್ಟು ದಿನ ಕೊಯ್ಯುತ್ತಿದ್ದೇವೆ. ಅವರೆ ಈಗಷ್ಟೇ ಹಾಕಿದೆ. ಒಂದು ಪ್ರಶ್ನೆ, ಬೇಲಿಗೆ ಹಾಕಿದ ಸೌತೆಬಳ್ಳಿಯಲ್ಲಿ ಬರೀ ಗಂಡು ಹೂ. ಬೀಜ ಸರಿ ಇಲ್ಲವಾ?

ಬಸಳೆಚಪ್ಪರ – ಆಗಸ್ಟ್ 11

ಮೊದಲು ಬರುವುದು ಗಂಡು ಹೂವೇ, ಗಾಬರಿ ಬೇಡ. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುತ್ತದೆ, ಎರಡು ವಾರ ನೋಡಿ. ಸೌತೆ, ಹೀರೆ ಜಾತಿಗೆ ಬಿಸಿಲು ಜಾಸ್ತಿ, ಹಗಲು ಉದ್ದ ಇದ್ದರೆ ಗಂಡು ಹೂ ಹೆಚ್ಚು. ತಂಪಾಗುತ್ತಾ, ಹಗಲು ಇಳಿಯುತ್ತಾ ಹೋದ ಹಾಗೆ ಹೆಣ್ಣು ಹೆಚ್ಚುತ್ತದೆ. ಸಾರಜನಕ ಗೊಬ್ಬರ ಸ್ವಲ್ಪ ಹಿಡಿದು ಹಾಕಿ.

ಹೊಸಹಿತ್ತಲು – ಅಕ್ಟೋಬರ್ 9

ಡಬ್ಬಿ ತೆಗೆದೆ. ಕ್ಯಾರೆಟ್ ಇವತ್ತು ಬಿತ್ತಲೇ, ಇನ್ನೂ ಮಳೆ ಇದೆಯಲ್ಲ?

ರಾಗಿಹೊಲ – ಅಕ್ಟೋಬರ್ 9

ಈ ಜೋರು ಮಳೆ ಕಳೆಯಲಿ. ಕ್ಯಾರೆಟ್ ಬೀಜ ಮೇಲ್ಮೇಲೆ ಇರುತ್ತದೆ, ಒಂದು ಬಿರುಮಳೆಗೆ ಎಲ್ಲಾ ಮೂಲೆಗೆ ಹೋಗಿ ಸೇರುತ್ತದೆ. ಮೊಳೆಯಲು ಹತ್ತು ಹದಿನೈದು ದಿನ ಬೇಕು, ಅಷ್ಟು ದಿನ ಇರುವೆ ಬರದ ಹಾಗೆ ಕಾಯಬೇಕು. ಸ್ವಾತಿ ಹೊತ್ತಿಗೆ ಹಾಕಿ, ಜನವರಿ ಕೊನೆಗೆ ಕೀಳಿ. ಹೂಕೋಸು ಒಟ್ಲು ಮಾತ್ರ ಇವತ್ತೇ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ನೀರು ಜಾಸ್ತಿಯಾದರೆ ಸಸಿ ಬುಡ ಕೊಳೆತು ಮಲಗುತ್ತದೆ.

ಹೊಸಹಿತ್ತಲು – ಅಕ್ಟೋಬರ್ 9

ಸರಿ ಸರ್. ಅತ್ತೆ ಕಪಾಟಿನಿಂದ ಈರುಳ್ಳಿ ಬೀಜ ಒಂದು ಪೊಟ್ಟಣ ಕೊಟ್ಟಿದ್ದಾರೆ, ಎರಡು ವರ್ಷದ್ದಂತೆ. ಅದನ್ನೂ ಹಾಕಲಾ?

ರಾಗಿಹೊಲ – ಅಕ್ಟೋಬರ್ 10

ಈರುಳ್ಳಿ ಬೀಜ ಸಾಮಾನ್ಯವಾಗಿ ಒಂದು ವರ್ಷಕ್ಕೆ ಮುಗಿಯುತ್ತದೆ. ಟೊಮೆಟೊ, ಬದನೆ ಬೀಜದ ಹಾಗೆ ನಾಲ್ಕೈದು ವರ್ಷ ಬಾಳುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಕಾಳು ಸುತ್ತಿಟ್ಟು ಒಂದು ವಾರ ಬಿಟ್ಟು ನೋಡಿ. ಹತ್ತಕ್ಕಿಂತ ಕಡಿಮೆ ಮೊಳೆತರೆ ಹೊಸದು ತನ್ನಿ. ಅತ್ತೆಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು.